ಮೂಡಲ ಬಾಗಿಲಿನ ಹೇರುದಾರಿ

ಊರಿನ ಹೆಸರಿನಲ್ಲಿಯೇ ಬಾಗಿಲೊಂದು ಇರುವಾಗ, ಆ ಬಾಗಿಲು ಯಾವ ದಾರಿಗೆ ತೆರೆಯುತ್ತದೆಂದು ಕೇಳಬೇಕಾದುದು ಸಹಜ. ಆದರೆ ಮುಳಬಾಗಿಲಿಗೆ ಬರುವ ಯಾತ್ರಿಕರು ಆಂಜನೇಯನ ದರ್ಶನ ಮಾಡಿ, ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನಕ್ಕೆ ಪ್ರದಕ್ಷಿಣೆ ಬಂದು, ಊರಿನ ಹೆಸರಾಂತ ದೋಸೆಯನ್ನು ಸವಿದು, ಬಂದ ದಾರಿಯಲ್ಲಿಯೇ ಹಿಂತಿರುಗುತ್ತಾರೆ. ಬಾಗಿಲನ್ನು ನೋಡಿದವರುಂಟು, ದಾಟಿ ನಡೆದವರು ವಿರಳ. ಈ ಲೇಖನವು ಅಂಥ ಒಂದು ದಿನದ ನಡಿಗೆಯನ್ನು ಕುರಿತದ್ದು: ಮುಳಬಾಗಿಲಿನ ಬೆಟ್ಟದಿಂದ ಮೂಡಲಿಗೆ, ಗಡಿಯ ನಂಗಲಿಯವರೆಗೆ.

ವ್ಯಾಪಾರದ ಹಳೆಯ ದಾರಿಗಳನ್ನು ಕಾಲ್ನಡಿಗೆಯಿಂದ ಅರಿಯುವ ಹವ್ಯಾಸ ಹೊರದೇಶಗಳಲ್ಲಿ ಬಲವಾಗಿ ಬೇರೂರಿದೆ. ಕೆನಡಾ ದೇಶದ ಅಥಬಾಸ್ಕ ಕಣಿವೆಮಾರ್ಗವನ್ನೇ ನೋಡಿ. ಬೀವರ್ ಎಂಬ ನೀರುಪ್ರಾಣಿಯ ತುಪ್ಪಳಕ್ಕೆ ಯೂರೋಪಿನ ಟೋಪಿಗಾರರಲ್ಲಿ ಅಪಾರ ಬೇಡಿಕೆಯಿದ್ದ ಕಾಲದಲ್ಲಿ, 1811ರ ಜನವರಿಯ ಹಿಮದಲ್ಲಿ ಡೇವಿಡ್ ಥಾಂಪ್ಸನ್ ಎಂಬ ವರ್ತಕ ಅದನ್ನು ದಾಟಿದ. ಚರಿತ್ರೆಯಲ್ಲಿ ಹೆಸರು ಅವನದು. ಮುಂದೆ ನಡೆದು ದಾರಿ ತೋರಿಸಿದವನು ತಾಮಸ್ ಎಂಬ ಇರೊಕ್ವಾ ಬುಡಕಟ್ಟಿನವನು. ಆ ಮಾರ್ಗ ಇಂದು ರಾಷ್ಟ್ರೀಯ ಐತಿಹಾಸಿಕ ಸ್ಥಳ. ನಮ್ಮ ಮೂಡಲ ಬಾಗಿಲಿನ ದಾರಿ ಅದಕ್ಕಿಂತ ಎಷ್ಟೋ ಶತಮಾನ ಹಿರಿದು. ಅದಕ್ಕೆ ಒಂದು ಫಲಕವಾದರೂ ಬೇಡವೇ?

ನಮಗೆ ದಾರಿ ತೋರಿಸಲು ಒಪ್ಪಿದವರು ಆ ಸೀಮೆಯವರೇ ಆದ ನಿವೃತ್ತ ಉಪಾಧ್ಯಾಯರೊಬ್ಬರು. ಎಲ್ಲರೂ ಅವರನ್ನು ಮೇಷ್ಟ್ರೆಂದೇ ಕರೆಯುತ್ತಿದ್ದುದರಿಂದ ನಾವೂ ಹಾಗೆಯೇ ಕರೆದೆವು. ನಸುಕಿನಲ್ಲಿಯೇ ಅವರು ನಮ್ಮನ್ನು ಬೆಟ್ಟಕ್ಕೆ ಹತ್ತಿಸಿದರು. ಕೋಲಾರ ಸೀಮೆಯ ಬೆಟ್ಟಗಳೆಂದರೆ ಮಣ್ಣಿನ ದಿಬ್ಬಗಳಲ್ಲ, ಬರಿಯ ಬಂಡೆ. ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಗುಂಡುಗಳು, ಅವುಗಳ ಸಂದಿನಲ್ಲಿ ಕೋಟೆಯ ಗೋಡೆಯ ತುಂಡುಗಳು. ಮೇಲೆ ನಿಂತು ಮೂಡಲಿಗೆ ಮುಖಮಾಡಿದರೆ ಊರು ಬಾಗಿಲೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ. ಮುಳಬಾಗಿಲು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಪಲಮನೇರು ಸುಮಾರು 680 ಮೀಟರಿನಲ್ಲಿ, ಅದರಾಚೆಯ ಚಿತ್ತೂರು 330ರ ಆಸುಪಾಸಿನಲ್ಲಿ. ಎಂದರೆ ಮೈಸೂರಿನ ಪೀಠಭೂಮಿ ಇಲ್ಲಿ ಒಮ್ಮೆಲೇ ಕಡಿದು ಬೀಳುವುದಿಲ್ಲ. ಮೊದಲು ನಂಗಲಿಯ ಕಡೆಗೆ, ಆಮೇಲೆ ಪಲಮನೇರಿನಾಚೆ ಮೊಗಿಲಿಯ ಘಟ್ಟದಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹೇರು ಹೊತ್ತ ಎತ್ತಿಗೆ ಬೇಕಾದುದು ಇಂಥ ಇಳಿಜಾರೇ.

ಊರಿಗೆ ಮುಳುವಾಯಿ ಎಂಬ ಹಳೆಯ ಹೆಸರೂ ಉಂಟು. ಹದಿನಾಲ್ಕನೆಯ ಶತಮಾನದಲ್ಲಿ ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿಂದಲೇ ತಮಿಳು ನಾಡಿನ ಮೇಲೆ ದಂಡೆತ್ತಿ ಇಳಿದು, ಕಡೆಗೆ ಮಧುರೆಯನ್ನು ಗೆದ್ದನು. ಆ ವಿಜಯವನ್ನು ಸಂಸ್ಕೃತದಲ್ಲಿ ಕಾವ್ಯವಾಗಿಸಿದ ಅವನ ರಾಣಿ ಗಂಗಾದೇವಿ ಈ ಊರನ್ನು ‘ಕಂಟಕಾನನ’, ಅಂದರೆ ಮುಳ್ಳಿನ ಕಾಡು, ಎಂದು ಕರೆದಿದ್ದಾಳೆ. ಮೂಡಲೋ ಮುಳ್ಳೋ, ಪಂಡಿತರು ತೀರ್ಮಾನಿಸಲಿ. ನಡೆಯುವವನಿಗೆ ಎರಡೂ ನಿಜ. ಜಾಲಿಯ ಮುಳ್ಳು ನಮ್ಮಲ್ಲಿಬ್ಬರ ಕಾಲಿಗೆ ಅದನ್ನು ಮನವರಿಕೆ ಮಾಡಿಕೊಟ್ಟಿತು.

ಇದೇ ಬಂಡೆಗಳ ನಡುವೆ 1768ರ ಅಕ್ಟೋಬರ್ 4ರಂದು ಹೈದರಾಲಿಗೂ ಇಂಗ್ಲಿಷರ ಕರ್ನಲ್ ವುಡ್‌ನಿಗೂ ಘೋರ ಕಾಳಗ ನಡೆಯಿತು. ವುಡ್‌ನ ಸೈನ್ಯ ಸೋಲಿನ ಅಂಚಿಗೆ ಬಂದಿದ್ದಾಗ, ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎಂಬವನು ಮರೆಯ ದಾರಿಯಿಂದ ಎರಡು ಫಿರಂಗಿಗಳನ್ನು ಬಂಡೆಯೊಂದರ ಮೇಲಕ್ಕೆ ಎಳೆಸಿ ಹಾರಿಸಿ, ‘ಸ್ಮಿತ್! ಸ್ಮಿತ್!’ ಎಂದು ಕೂಗಿಸಿದನು. ಕರ್ನಲ್ ಸ್ಮಿತ್ತನ ದಂಡೇ ಬಂದಿತೆಂದು ಹೈದರನ ಪಡೆ ಒಂದು ಗಳಿಗೆ ಹಿಂಜರಿಯಿತು. ಅಷ್ಟರಲ್ಲಿ ವುಡ್ ಚೇತರಿಸಿಕೊಂಡನು. ಅಂದು ಇಂಗ್ಲಿಷರನ್ನು ಉಳಿಸಿದ್ದು ಗುಂಡಿಗಿಂತ ಹೆಚ್ಚಾಗಿ ಒಂದು ಹೆಸರು. ಮುಂದೆ 1791ರ ಫೆಬ್ರುವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಆಂಬೂರಿನ ಕಡೆಯಿಂದ ಬರುವವನಂತೆ ನಟಿಸಿ, ಮೊಗಿಲಿಯ ಘಟ್ಟವನ್ನೇರಿ ಕೋಲಾರಕ್ಕೆ ಬಂದನು. ಮಾರ್ಚಿ ತಿಂಗಳಲ್ಲಿ ಬೆಂಗಳೂರು ಅವನ ವಶವಾಯಿತು.

ಆದರೆ ದಂಡು ಬರುವುದು ಎಂದೋ ಒಮ್ಮೆ. ದಾರಿಯನ್ನು ಸವೆಸಿದ್ದು ಹೇರೆತ್ತುಗಳ ಗೊರಸು. ಬೆನ್ನಿನ ಎರಡು ಬದಿಗೆ ಗೋಣಿಚೀಲಗಳನ್ನು ಇಳಿಬಿಟ್ಟ ಎತ್ತುಗಳ ಸಾಲನ್ನು ನಡೆಸುತ್ತ ಲಂಬಾಣಿಗಳು ಕರಾವಳಿಯ ಉಪ್ಪನ್ನು ಒಳನಾಡಿಗೆ ತರುತ್ತಿದ್ದರು, ದವಸವನ್ನು ಒಯ್ಯುತ್ತಿದ್ದರು. ಕಾರ್ನ್‌ವಾಲಿಸನ ದಂಡಿಗೂ ಅನ್ನ ಸಿಕ್ಕಿದ್ದು ಇವರ ಎತ್ತುಗಳಿಂದಲೇ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಬುಕಾನನ್, ಬೆಂಗಳೂರಿನ ವರ್ತಕರು ಅಡಿಕೆ, ಮೆಣಸು, ಶ್ರೀಗಂಧಗಳನ್ನು ಘಟ್ಟದ ಕೆಳಗಿನ ವಾಲಾಜಪೇಟೆಗೆ ಕಳುಹಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ.

ಬೆಟ್ಟವಿಳಿದು ಮೇಷ್ಟ್ರು ನಮ್ಮನ್ನು ಹೆದ್ದಾರಿಯಿಂದ ತಪ್ಪಿಸಿ, ಕೆರೆಯ ಏರಿ, ರಾಗಿಯ ಹೊಲ, ಟೊಮ್ಯಾಟೋ ತೋಟದ ಬದು, ನೀಲಗಿರಿಯ ತೋಪುಗಳ ನಡುವೆ ನಡೆಸಿಕೊಂಡು ಹೋದರು. ದಾರಿಯೆಲ್ಲಿ, ಬರಿಯ ಹೊಲವಲ್ಲವೇ, ಎಂದು ನಮ್ಮಲ್ಲೊಬ್ಬ ಹುಡುಗ ಗೊಣಗಿದ. ಅದಕ್ಕೆ ಮೇಷ್ಟ್ರು ಕೊಟ್ಟ ಪಾಠವೇ ಈ ನಡಿಗೆಯ ಸಾರ. ದಾರಿಯನ್ನು ಮನುಷ್ಯನ ಕಣ್ಣಿನಿಂದ ಹುಡುಕಬೇಡ, ಹೇರು ಹೊತ್ತ ಎತ್ತಿನ ಕಾಲಿನಿಂದ ಹುಡುಕು ಎಂದರು ಅವರು. ಎತ್ತು ದಿಬ್ಬವನ್ನು ಹತ್ತುವುದಿಲ್ಲ, ಸುತ್ತುತ್ತದೆ. ನೀರಿನಿಂದ ನೀರಿಗೆ ನಡೆಯುತ್ತದೆ. ಹೊತ್ತೇರಿದ ಮೇಲೆ ನೆರಳನ್ನು ಬಯಸುತ್ತದೆ. ಆದ್ದರಿಂದ ಕೆರೆ, ಅದರ ಹತ್ತಿರ ಹುಣಿಸೆ, ಹೊಂಗೆ, ಮಾವಿನ ಗುಂಡುತೋಪು, ಪಕ್ಕದಲ್ಲಿ ಕಲ್ಲಿನ ಮಂಟಪ: ಈ ಮೂರೂ ಕೂಡಿದಲ್ಲಿ ಹಿಂದೆ ಹೇರು ಇಳಿಯುತ್ತಿತ್ತೆಂದು ತಿಳಿಯಬಹುದು. ತಲೆಹೊರೆಯವರಿಗಾಗಿ ಹಿಂದಿನವರು ನಿಲ್ಲಿಸುತ್ತಿದ್ದ ಹೊರೆಗಲ್ಲನ್ನೂ ಅವರು ವಿವರಿಸಿದರು. ಆಳೆತ್ತರದ ಎರಡು ಕಂಬ, ಮೇಲೆ ಅಡ್ಡ ಚಪ್ಪಡಿ. ಯಾರ ಕೈಯಾಸರೆಯೂ ಇಲ್ಲದೆ ಹೊರೆಯನ್ನು ಅದರ ಮೇಲಿಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಬಹುದು. ಇಷ್ಟು ಸರಳವಾದ ದಯೆಯನ್ನು ನಮ್ಮ ಹೆದ್ದಾರಿಗಳಲ್ಲಿ ಕಂಡಿದ್ದೀರಾ?

ಆ ಬಳಿಕ ಹುಡುಗ ಗೊಣಗಲಿಲ್ಲ. ಮುಂದಿನ ತೋಪನ್ನು ಅವನೇ ಮೊದಲು ಗುರುತಿಸಿದನು.

ಮೂಡಲ ಬಾಗಿಲಿಗೆ ಮೊದಲ ಪೆಟ್ಟು ಬಿದ್ದುದು 1864ರಲ್ಲಿ. ಮದರಾಸಿನ ರೈಲು ಜೋಲಾರಪೇಟೆಯಿಂದ ಬಂಗಾರಪೇಟೆ, ಮಾಲೂರುಗಳ ಮೇಲೆ ಬೆಂಗಳೂರಿಗೆ ಬಂದಿತು. ಮುಳಬಾಗಿಲನ್ನು ಅದು ಮುಟ್ಟಲಿಲ್ಲ. ಎತ್ತುಗಳು ತಿಂಗಳಲ್ಲಿ ಸಾಗಿಸುತ್ತಿದ್ದುದನ್ನು ಬಂಡಿ ಒಂದೇ ದಿನ ಸಾಗಿಸಿದ ಮೇಲೆ ಲಂಬಾಣಿಗಳು ಹೇರನ್ನು ಇಳಿಸಿ ನೆಲೆ ನಿಂತರು, ಕೂಲಿಗೂ ಬೇಸಾಯಕ್ಕೂ ತಿರುಗಿದರು. ಆದರೂ ಮೋಟಾರು ಬಂದಾಗ ಹಳೆಯ ಜಾಡಿಗೆ ಮತ್ತೆ ಜೀವ ಬಂದಿತು. ಚಿತ್ತೂರಿನ ಹೆದ್ದಾರಿ ಬಹುಮಟ್ಟಿಗೆ ಅದನ್ನೇ ಹಿಡಿಯಿತು. ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಸರದಿ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆಗಳ ಸೀಮೆಯಲ್ಲಿ ಸಾಗುವ ಅದರ ಕರ್ನಾಟಕದ ಭಾಗ 2024ರ ಕೊನೆಯಲ್ಲಿ ವಾಹನಗಳಿಗೆ ತೆರೆಯಿತು. ಬಂಡೆ ಅಡ್ಡ ಬಂದರೆ ಸೀಳುವ ದಾರಿಗೆ ಎತ್ತಿನ ವಿವೇಕ ಬೇಡ. ಅದಕ್ಕೆ ಮುಳಬಾಗಿಲೂ ಬೇಡ. ಪಟ್ಟಣಕ್ಕೆ ಲಾರಿಗಳ ಹೊಗೆ ಕಡಿಮೆಯಾದೀತೆಂಬುದು ಸಂತೋಷವೇ. ಆದರೆ ಹೋಗಿ ಬರುವವರನ್ನೇ ನೆಚ್ಚಿ ಒಲೆ ಹೊತ್ತಿಸುವ ದಾರಿಬದಿಯ ಹೋಟಲಿನವನಿಗೆ ಈ ಮಾತನ್ನು ಹೇಳಿ ನೋಡಿ.

ಹದಿನೈದು ಕಿಲೋಮೀಟರಿಗೂ ಮಿಗಿಲಾಗಿ ನಡೆದು, ಬಿಸಿಲು ಬಾಗುವ ಹೊತ್ತಿಗೆ ನಂಗಲಿಯನ್ನು ಸೇರಿದೆವು. ಹೇರೆತ್ತಿಗೆ ಇದು ಹೆಚ್ಚೂ ಕಡಿಮೆ ಒಂದು ದಿನದ ಪಯಣ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಮೂಡಣ ಎಲ್ಲೆ ಯಾವುದೆಂದು ಹೇಳುವಾಗ ಹೆಸರಿಸುವುದು ಈ ನಂಗಲಿಯ ಘಟ್ಟವನ್ನೇ. ಹನ್ನೆರಡನೆಯ ಶತಮಾನದ ಆ ಎಲ್ಲೆಯ ಊರು ಇಂದಿಗೂ ಗಡಿಯ ಊರು, ಆಚೆಗೆ ಆಂಧ್ರಪ್ರದೇಶ. ಅಂಗಡಿಯಲ್ಲಿ ಚಹಾ ಕುಡಿಯುವಷ್ಟರಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಿಂದ ಕೇಳಿಬಂದವು.

ಮುಂದೆ ನಡೆಯಬೇಕೆನ್ನುವವರು ಪಲಮನೇರಿನವರೆಗೆ ಬಸ್ಸಿನಲ್ಲಿ ಹೋಗುವುದು ಲೇಸು. ಅದರಾಚೆಯದೇ ಮೊಗಿಲಿಯ ಘಟ್ಟ. ‘ಮೊಗಲಿ’ ಎಂದರೆ ತೆಲುಗಿನಲ್ಲಿ ಕೇದಗೆ. ಬುಡದಲ್ಲಿ ಮೊಗಿಲೀಶ್ವರನ ಗುಡಿಯಿದೆ. ತಿರುವುಗಳು ಅಪಘಾತಗಳಿಗೆ ಹೆಸರಾಗಿರುವುದರಿಂದ ರಸ್ತೆಯ ಅಂಚಿನಲ್ಲಿ ನಡೆಯುವ ಸಾಹಸ ಬೇಡ. ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆದು, ಸ್ಥಳದವರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಆ ಸೀಮೆಯ ಕೌಂಡಿನ್ಯ ಅಭಯಾರಣ್ಯಕ್ಕೆ 1980ರ ದಶಕದಲ್ಲಿ ಆನೆಗಳು ನೆರೆಯ ಕಾಡುಗಳಿಂದ ಬಂದು ನೆಲೆಸಿವೆ. ಅವು ಸಂಜೆಯ ಹೊತ್ತಿಗೆ ನೀರನ್ನು ಅರಸಿ ಹೊರಡುತ್ತವೆ.