ಹಿಡಿದ ಇಂಗಾಲ ಎಲ್ಲಿಗೆ ಹೋಗುತ್ತದೆ?

ಪಾಚಿ, ಬ್ಯಾಕ್ಟೀರಿಯಾಗಳು ಇಂಗಾಲದ ಡೈಆಕ್ಸೈಡ್ ನುಂಗಿ ಭೂಮಿಯನ್ನು ತಂಪಾಗಿಡುತ್ತವೆ ಎಂಬ ಮಾತು ಈಗ ಬೆಂಗಳೂರಿನ ಜಕ್ಕೂರು ಕೆರೆಯ ಏರಿಯ ಮೇಲೆ ನಡೆಯುವವರ ಬಾಯಲ್ಲೂ ಇದೆ. ಅದು ಬರೀ ಬೊಗಳೆ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. ಸೂಕ್ಷ್ಮಜೀವಿ ಇಂಗಾಲ ಹಿಡಿಯುತ್ತದೆ, ಅನುಮಾನ ಬೇಡ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ.

ತಪ್ಪು ಕಲ್ಪನೆ: ಕೆರೆ ಹಸಿರಾದಷ್ಟೂ ಗಾಳಿಗೆ ಒಳ್ಳೆಯದು.

ವಾಸ್ತವ: ಒಂದು ಕಿಲೋ ಒಣ ಪಾಚಿಯಾಗಲು ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಆದರೆ ಪಾಚಿಯ ಆಯುಸ್ಸು ಕೆಲವೇ ದಿನ. ಸತ್ತು ಕೊಳೆತರೆ ಹಿಡಿದದ್ದರಲ್ಲಿ ಬಹುಪಾಲು ಮರಳಿ ಗಾಳಿಗೆ. ತಳದ ಹೂಳಿನಲ್ಲಿ ಆಮ್ಲಜನಕವಿಲ್ಲದಿದ್ದರೆ ಇನ್ನೂ ಕೆಟ್ಟದ್ದು: ಅಲ್ಲಿನ ಬೇರೆ ಸೂಕ್ಷ್ಮಜೀವಿಗಳು ಅದನ್ನು ಮೀಥೇನ್ ಮಾಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ತೂಕಕ್ಕೆ ತೂಕ ಹಾಕಿದರೆ ಮೀಥೇನ್ ಸುಮಾರು 28 ಪಟ್ಟು ಹೆಚ್ಚು ಕಾವೇರಿಸುತ್ತದೆ. ಪಾಚಿ ಮಿತಿಮೀರಿದ ಕೆರೆಯಲ್ಲಿ ಬೆಳಗಿನ ಜಾವ ಮೀನು ಸಾಯುವುದೂ ಈ ಹಸಿರಿನ ಇನ್ನೊಂದು ಮುಖ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೇ ಅದನ್ನು ಉಸಿರಾಡಿ ಮುಗಿಸುತ್ತದೆ.

ಜಕ್ಕೂರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕವಾದ ಎಸ್‌ಟಿಪಿಯಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆ ಸೇರುತ್ತದೆ. ಆ ದಾರಿಯಲ್ಲಿ ಸಾರಜನಕ, ರಂಜಕ ಕಡಿಮೆಯಾಗುತ್ತವೆ. ನಾನು ಬಹಳ ಮೆಚ್ಚುವ ಏರ್ಪಾಡು ಇದು. ಆದರೆ ಅದು ನೀರು ತಿಳಿಯಾಗಿಸಲು ಮಾಡಿದ್ದು, ಇಂಗಾಲ ಹಿಡಿದಿಡಲು ಅಲ್ಲ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಆ ಕೆಲಸವೂ ಅರ್ಧಕ್ಕೆ ನಿಲ್ಲುತ್ತದೆ, ಹಿಡಿದ ಇಂಗಾಲವೂ ಉಳಿಯುವುದಿಲ್ಲ.

ತಪ್ಪು ಕಲ್ಪನೆ: ವಿದ್ಯುತ್ ಸ್ಥಾವರದ ಪಕ್ಕ ಪಾಚಿ ಕೊಳ ಕಟ್ಟಿದರೆ ಸಾಕು.

ವಾಸ್ತವ: ಲೆಕ್ಕ ಹಾಕಿಯೇ ನೋಡೋಣ. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಅನಿಲ ಸ್ಥಾವರವಿದೆ. ಇಂಥ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 370 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂದಿಟ್ಟುಕೊಳ್ಳಿ. ಪೂರ್ತಿ ಸಾಮರ್ಥ್ಯದಲ್ಲಿ ಇಡೀ ದಿನ ಓಡಿದರೆ ಹತ್ತಿರಹತ್ತಿರ 3,300 ಟನ್.

ಇನ್ನು ಪಾಚಿ. ಚೆನ್ನಾಗಿ ನೋಡಿಕೊಂಡ ತೆರೆದ ಕೊಳದಲ್ಲಿ ಚದರ ಮೀಟರಿಗೆ ದಿನಕ್ಕೆ 20 ಗ್ರಾಂ ಪಾಚಿ ಬಂದರೆ ಒಳ್ಳೆಯ ಬೆಳೆ. ಅಂದರೆ ಹೆಕ್ಟೇರಿಗೆ ದಿನಕ್ಕೆ 360 ಕಿಲೋ ಇಂಗಾಲದ ಡೈಆಕ್ಸೈಡ್ ಹಿಡಿದಂತಾಯಿತು. ಜಕ್ಕೂರು ಕೆರೆ ಸುಮಾರು 160 ಎಕರೆ. ಅಷ್ಟನ್ನೂ ಪಾಚಿ ಕೊಳ ಮಾಡಿದರೆ ದಿನಕ್ಕೆ 23 ಟನ್. ಆ ಒಂದು ಸ್ಥಾವರಕ್ಕೆ ಇಂಥ 140 ಕೆರೆಗಳು ಬೇಕು! ರಾತ್ರಿ ಪಾಚಿ ಕೆಲಸ ಮಾಡುವುದಿಲ್ಲ, ಸ್ಥಾವರ ಮಾಡುತ್ತದೆ. ಕಲಕಲು, ಸೋಸಲು, ಒಣಗಿಸಲು ಬೇಕಾದ ವಿದ್ಯುತ್ತನ್ನು ನಾನಿನ್ನೂ ಲೆಕ್ಕಕ್ಕೆ ತಂದಿಲ್ಲ. ಹಾಗೆಂದು ಪಾಚಿ ವ್ಯರ್ಥವಲ್ಲ. ಮೇವು, ಬಣ್ಣ, ಸ್ಪಿರುಲಿನಾದಂಥ ಆಹಾರಕ್ಕೆ ಅದು ಬೆಲೆಬಾಳುತ್ತದೆ. ಚಿಮಣಿಯ ಹೊಗೆಗೆ ಅದನ್ನೇ ನೆಚ್ಚಿಕೊಳ್ಳಲು ಆಗದು, ಅಷ್ಟೆ.

ತಪ್ಪು ಕಲ್ಪನೆ: ಜಕ್ಕೂರಿನ ವಿಜ್ಞಾನಿಗಳು ಬ್ಯಾಕ್ಟೀರಿಯಾದಿಂದ ಇಂಗಾಲದ ಡೈಆಕ್ಸೈಡನ್ನು ಇಂಧನ ಮಾಡಿದ್ದಾರೆ.

ವಾಸ್ತವ: ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಮಾಡುವ ದಾರಿ ಹುಡುಕಿದ್ದು ನಿಜ. ಅಲ್ಲಿಂದ ಹುಟ್ಟಿದ ಬ್ರೀತ್ ಕಂಪನಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿಗೂ ಹೋಯಿತು. ಅಲ್ಲಿ ದುಡಿಯುವುದು ಜೀವಾಣುವಲ್ಲ, ರಾಸಾಯನಿಕ ವೇಗವರ್ಧಕ.

ತಪ್ಪು ಕಲ್ಪನೆ: ಇಂಗಾಲದ ಡೈಆಕ್ಸೈಡ್ ತಿಂದು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿತೆಂದರೆ ಕೆಲಸ ಮುಗಿಯಿತು.

ವಾಸ್ತವ: 2019ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ನಮ್ಮ ಕರುಳಿನ ಇ. ಕೊಲಿಯನ್ನೇ ಹಾಗೆ ಪಳಗಿಸಿದರು. ಅದರ ಮೈಯ ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡಿನಿಂದಲೇ ಬಂತು. ಶಕ್ತಿಗೆ ಮಾತ್ರ ಫಾರ್ಮೇಟ್ ಎಂಬ ಸರಳ ಇಂಗಾಲದ ಸಂಯುಕ್ತ ಉಣಿಸಬೇಕಾಯಿತು. ಅದನ್ನು ಉರಿಸಿಕೊಂಡಾಗ ಹಿಡಿದದ್ದಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬಂತು. ಯಾವ ಜೀವಿಯೂ ಪುಕ್ಕಟೆ ದುಡಿಯುವುದಿಲ್ಲ: ಬಿಸಿಲಾಗಲಿ, ಹೈಡ್ರೋಜನ್ ಆಗಲಿ, ಯಾವುದೋ ಒಂದನ್ನು ಕೊಡಲೇಬೇಕು.

ತಪ್ಪು ಕಲ್ಪನೆ: ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಇಂಗಾಲವನ್ನು ಕಾಯಂ ಆಗಿ ಹೂತಿಡುತ್ತದೆ.

ವಾಸ್ತವ: ಬೆಂಗಳೂರಿನ ಸ್ಟ್ರಿಂಗ್ ಬಯೋ 2013ರಿಂದ ಇಂಥ ಬ್ಯಾಕ್ಟೀರಿಯಾ ಬಳಸಿ ಮೀಥೇನಿನಿಂದ ಪ್ರೋಟೀನ್ ತಯಾರಿಸುವ ಕೆಲಸದಲ್ಲಿದೆ. ಬ್ಯಾಕ್ಟೀರಿಯಾ ತಿಂದ ಮೀಥೇನಿನಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಆಗಿಯೇ ಹೊರಡುತ್ತದೆ. ಮೇವಾದದ್ದು ಮೀನು, ಕೋಳಿಗಳ ಉಸಿರಾಗಿ ಮರಳುತ್ತದೆ. ಆದರೂ ಸೋರಿಹೋಗಲಿದ್ದ ಮೀಥೇನನ್ನು ಹಿಡಿದು ಬಳಸಿದರೆ ಲಾಭವೇ. 28 ಪಟ್ಟಿನ ಲೆಕ್ಕ ಇಲ್ಲಿ ನಮ್ಮ ಪರವಾಗಿದೆ.

ತಪ್ಪು ಕಲ್ಪನೆ: ಇದೆಲ್ಲ ಪ್ರಯೋಗಾಲಯದ ಮಾತು, ನಮಗೇನು?

ವಾಸ್ತವ: ಇದೇ ಲೆಕ್ಕ ನಮ್ಮ ಮಣ್ಣಿನಲ್ಲೂ ಇದೆ. ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ರಾಗಿ ತಾಕುಗಳಿಗೆ ಹೋಗಿ ನೋಡಬೇಕು. ಒಂದೇ ನೆಲಕ್ಕೆ ಬೇರೆಬೇರೆ ಗೊಬ್ಬರ ಕೊಟ್ಟು ದಶಕಗಳಿಂದ ಅಲ್ಲಿ ಪ್ರಯೋಗ ನಡೆದಿದೆ. ಕೊಟ್ಟಿಗೆ ಗೊಬ್ಬರವನ್ನೂ ಉಂಡ ಕೆಂಪು ಮಣ್ಣಿನಲ್ಲಿ ಇಂಗಾಲ ಹೆಚ್ಚು. ಬರೀ ಜೀವಾಣು ಗೊಬ್ಬರದ ಪ್ಯಾಕೆಟ್ ಎರಚಿದರೆ ಇಂಗಾಲ ಹೀಗೆ ಹೆಚ್ಚದು. ಅದರ ಉಪಯೋಗ ಯೂರಿಯಾ ಕಡಿಮೆ ಮಾಡುವುದರಲ್ಲಿ. ಮಣ್ಣಿನ ಸೂಕ್ಷ್ಮಜೀವಿ ಕಸಕಡ್ಡಿ ತಿಂದು, ಸತ್ತು, ತನ್ನ ಮೈಯನ್ನೇ ಜೇಡಿಗೆ ಅಂಟಿಸಿ ಹೋಗುತ್ತದೆ. ಹಾಗೆ ಅಂಟಿದ ಇಂಗಾಲ ದಶಕಗಟ್ಟಲೆ ಉಳಿಯಬಲ್ಲದು. ಯಲಹಂಕದ ಸುತ್ತ ಬಡಾವಣೆಗೆಂದು ಜೆಸಿಬಿ ಹೊಲದ ಮೇಲ್ಮಣ್ಣು ಕೆರೆದು ಗುಡ್ಡೆ ಹಾಕಿದಾಗ, ಆ ಉಳಿತಾಯವನ್ನು ತಿಂದು ಗಾಳಿಗೆ ಬಿಡಲು ತೊಡಗುವುದೂ ಅದೇ ಸೂಕ್ಷ್ಮಜೀವಿಗಳು.