ನೆತ್ತಿಯ ಮೇಲೆ ಬಿಸಿನೀರು

ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಹಂಡೆಯ ಹೊಗೆಯಾಡುವ ನೀರನ್ನು ಚೊಂಬಿನ ಮೇಲೆ ಚೊಂಬು ನೆತ್ತಿಗೆ ಸುರಿಯದಿದ್ದರೆ ಸ್ನಾನವಾಯಿತೆಂದು ನಮ್ಮ ಜನದ ಮನಸ್ಸು ಒಪ್ಪುವುದಿಲ್ಲ. ಪರಸ್ಥಳಕ್ಕೆ ಬಂದ ಮೇಲೆ ಹಂಡೆ ಹೋಗಿ ಬಕೆಟ್ಟು ಬಂದಿದೆ, ಅಷ್ಟೆ. ಆದರೆ ಕೆಲವರಲ್ಲಿ ಈ ಸುಖಸ್ನಾನವೇ ಅಪಸ್ಮಾರವನ್ನು ಕೆರಳಿಸುತ್ತದೆ.

ವೈದ್ಯರು ಇದನ್ನು ಬಿಸಿನೀರಿನ ಅಪಸ್ಮಾರವೆನ್ನುತ್ತಾರೆ. ಜಗತ್ತಿನ ಇತರೆಡೆ ವಿರಳವಾದ ಈ ವ್ಯಾಧಿ ದಕ್ಷಿಣ ಭಾರತದಲ್ಲಿ, ಅದರಲ್ಲಿಯೂ ಕರ್ನಾಟಕದ ದಕ್ಷಿಣ ಭಾಗದಲ್ಲಿ, ಹೆಚ್ಚಾಗಿ ಕಂಡುಬಂದಿದೆ. 40ರಿಂದ 50 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರು ತಲೆಯ ಮೇಲೆ ಬೀಳುತ್ತಿದ್ದಂತೆ ರೋಗಿಗೆ ದಿಗ್ಭ್ರಮೆಯಾಗುತ್ತದೆ. ದೃಷ್ಟಿ ಒಂದೆಡೆ ನಟ್ಟು ಮಾತು ಅಸಂಬದ್ಧವಾಗುತ್ತದೆ. ಕೆಲವರಲ್ಲಿ ಮೈಯೆಲ್ಲ ಸೆಟೆದು ಕೈಕಾಲುಗಳು ಅದುರುತ್ತವೆ. ವಿಚಿತ್ರವೆಂದರೆ, ಆ ಕ್ಷಣದಲ್ಲಿ ಒಂದು ಬಗೆಯ ಹಿತವನ್ನು ಅನುಭವಿಸಿ, ಬೇಡವೆಂದರೂ ಕೇಳದೆ ನೀರು ಸುರಿದುಕೊಳ್ಳುತ್ತಲೇ ಇರುವವರೂ ಉಂಟು. ನೋಡಿದವರು ದೆವ್ವ ಹಿಡಿಯಿತೆಂದರೆ ಆಶ್ಚರ್ಯವೇನು?

ಮೆದುಳಿನ ಕೋಶಗಳು ಸೂಕ್ಷ್ಮ ವಿದ್ಯುತ್ ಸಂಕೇತಗಳಿಂದ ತಮ್ಮ ವ್ಯವಹಾರ ನಡೆಸುತ್ತವೆ. ಅವು ಒಮ್ಮೆಲೇ ಮಿತಿಮೀರಿ ಸ್ಫುರಿಸಿದಾಗ ಸೆಳವು ಬರುತ್ತದೆ. 1929ರಲ್ಲಿ ಜರ್ಮನಿಯ ಹ್ಯಾನ್ಸ್ ಬರ್ಗರ್ ಮಾನವ ಮೆದುಳಿನ ವಿದ್ಯುತ್ ಅಲೆಗಳನ್ನು ಪ್ರಕಟಿಸಿದ ಮೇಲೆ ಇದನ್ನು ಕಾಗದದ ಮೇಲೆಯೇ ಕಾಣುವಂತಾಯಿತು.

ಒಂದೇ ಕೋಣೆಯಲ್ಲಿ ಹಲವರು ವಾಸಿಸುವ ನಮ್ಮ ಹೋಟೆಲ್ ಬಂಧುಗಳು ಇಷ್ಟನ್ನು ಅರಿತಿರಬೇಕು. ಕೈಗೆ ಬೀಗದಕೈ ಕೊಡುವುದು, ಮೂಗಿಗೆ ಚಪ್ಪಲಿ ಹಿಡಿಯುವುದು ವ್ಯರ್ಥ. ಹಲ್ಲಿನ ನಡುವೆ ಚಮಚ ತುರುಕುವುದು ಅಪಾಯ. ಬಿಸಿನೀರನ್ನು ದೂರ ಸರಿಸಿ, ತಲೆಯ ಕೆಳಗೆ ಮಡಿಸಿದ ಬಟ್ಟೆಯಿಟ್ಟು, ಅದುರು ಇಳಿದೊಡನೆ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಗಡಿಯಾರ ನೋಡಬೇಕು: 5 ನಿಮಿಷ ಮೀರಿದರೆ ಆಸ್ಪತ್ರೆಯೇ ಗತಿ. ಅದುರು ಯಾವ ಕೈಯಿಂದ ಆರಂಭವಾಯಿತು, ಎಷ್ಟು ಹೊತ್ತು ಇತ್ತು ಎಂಬುದನ್ನು ಗಮನಿಸಲು ದಾದಿಯರಿಗೆ ಕಲಿಸುತ್ತಾರೆ. ಸೆಳವನ್ನು ವೈದ್ಯರು ಕಣ್ಣಾರೆ ಕಾಣುವುದು ಅಪರೂಪ. ಕಂಡವರ ಮಾತೇ ಅವರಿಗೆ ಆಧಾರ.

ಚಿಕಿತ್ಸೆ ಕಷ್ಟದ್ದಲ್ಲ. ನೀರು ಉಗುರುಬೆಚ್ಚಗಿರಲಿ, ನೆತ್ತಿಗೆ ಸುರಿಯುವುದು ಬೇಡ. ಅದು ಸಾಲದಿದ್ದರೆ ಸ್ನಾನಕ್ಕೆ ಮುನ್ನ ನುಂಗುವ ಗುಳಿಗೆಯನ್ನು ವೈದ್ಯರು ಕೊಡುತ್ತಾರೆ. ಕೆಲವರಿಗೆ ಮುಂದೆ ಸ್ನಾನದ ನೆವವಿಲ್ಲದೆಯೂ ಸೆಳವು ಬರುವುದುಂಟು. ಅಂಥವರು ನಿತ್ಯದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು.

ಹುಡುಗರು ಇದನ್ನು ಮುಚ್ಚಿಡುವುದು ಕೆಲಸ ಹೋದೀತೆಂಬ, ಮದುವೆ ತಪ್ಪೀತೆಂಬ ಅಂಜಿಕೆಯಿಂದ. 1955ರ ಹಿಂದೂ ವಿವಾಹ ಕಾಯಿದೆಯ ಷರತ್ತುಗಳಲ್ಲಿದ್ದ ಅಪಸ್ಮಾರವೆಂಬ ಪದವನ್ನು 1999ರಲ್ಲಿ ತೆಗೆದುಹಾಕಲಾಯಿತೆಂಬುದು ಎಷ್ಟು ಮಂದಿಗೆ ಗೊತ್ತು? ಇನ್ನು ಕೆಲಸದ ಮಾತು. ಸೆಳವು ಬರುವ ಹುಡುಗನನ್ನು ಒಲೆಯ, ಕಾದ ಎಣ್ಣೆಯ ಬಳಿ ನಿಲ್ಲಿಸಬಾರದು ನಿಜ. ಆದರೆ ಊರಿಗೆ ಟಿಕೇಟು ಕೊಡಿಸುವ ಮುನ್ನ ಮಾಲಿಕರು ಅವನನ್ನು ಗಲ್ಲಾದ ಮೇಲೆ ಕೂರಿಸಿ ನೋಡಬಹುದಲ್ಲವೆ?