ರಕ್ತ ಹೆಚ್ಚಾದರೂ ಕಾಯಿಲೆಯೇ

ಲಡಾಖಿನಲ್ಲಿ ಸೈನ್ಯದ ಕೆಲಸದಲ್ಲಿರುವ ಮಗ ರಜೆಯ ಮೇಲೆ ರೋಣಕ್ಕೋ ನರಗುಂದಕ್ಕೋ ಬಂದಿದ್ದಾನೆ ಎಂದುಕೊಳ್ಳಿ. ಮುಖ ಕೆಂಪೇರಿದೆ. ‘ಮೈಯಾಗ ರಕ್ತ ತುಂಬೈತಿ’ ಎಂದು ತಾಯಿ ಹಿಗ್ಗುತ್ತಾಳೆ. ಯಾವುದೋ ಕಾರಣಕ್ಕೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೊಗ್ಲೋಬಿನ್ 19 ಗ್ರಾಂ ಎಂದು ಬರುತ್ತದೆ. ಗಂಡಸರಿಗೆ 13ರಿಂದ 17 ಗ್ರಾಂ ಇದ್ದರೆ ಸರಿ. ರಕ್ತಹೀನತೆಯನ್ನೇ ಕಂಡು ಬೇಸತ್ತ ನಮಗೆ 19 ಎಂಬುದು ಹಬ್ಬದ ಸುದ್ದಿಯಂತೆ ಕೇಳಿಸುತ್ತದೆ. ಆದರೆ ರಕ್ತ ಮಿತಿಮೀರಿ ಹೆಚ್ಚುವುದೂ ಒಂದು ಕಾಯಿಲೆ.

ಗಜೇಂದ್ರಗಡದ ಕಾಲಕಾಲೇಶ್ವರನ ಮೆಟ್ಟಿಲು ಹತ್ತುವಾಗ, ನರಗುಂದದ ಗುಡ್ಡ ಏರುವಾಗ ಬರುವ ಏದುಸಿರಿಗೂ ಇದಕ್ಕೂ ಸಂಬಂಧವಿಲ್ಲ. ಈ ಕಾಯಿಲೆ ಬರುವುದು ಸಾಮಾನ್ಯವಾಗಿ 2,500 ಮೀಟರಿಗಿಂತ ಎತ್ತರದಲ್ಲಿ ವರ್ಷಗಟ್ಟಲೆ ಬದುಕುವವರಿಗೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲ. ಲೇಹ್ ಪಟ್ಟಣವಾದರೋ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕ ಐದರಲ್ಲಿ ಒಂದು ಪಾಲೇ. ಆದರೆ ಗಾಳಿಯೇ ತೆಳು. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲಷ್ಟೇ ಅಲ್ಲಿ ಸಿಗುತ್ತದೆ.

ಈ ಕೊರತೆಯನ್ನು ಮೊದಲು ಗುರುತಿಸುವ ಅಂಗಗಳಲ್ಲಿ ಮೂತ್ರಪಿಂಡವೂ ಒಂದು. ಅದು ಎರಿತ್ರೊಪೊಯಿಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಆಗ ಅಸ್ಥಿಮಜ್ಜೆ ಹೆಚ್ಚು ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಹೆಚ್ಚು ಕಣಗಳಿದ್ದರೆ ಹೆಚ್ಚು ಆಮ್ಲಜನಕ ಹೊರಬಹುದಲ್ಲ! ಒಂದು ಮಿತಿಯವರೆಗೆ ಇದು ಒಳ್ಳೆಯದೇ. ಮಿತಿ ದಾಟಿದರೆ ರಕ್ತ ಕಾಕಂಬಿಯಂತೆ ಮಂದವಾಗುತ್ತದೆ, ಸಣ್ಣ ನಾಳಗಳಲ್ಲಿ ಹರಿಯಲು ಒದ್ದಾಡುತ್ತದೆ. ತಲೆನೋವು, ತಲೆಸುತ್ತು, ಕಿವಿಯಲ್ಲಿ ಗುಂಯ್‌ಗುಡುವಿಕೆ, ನಿದ್ರೆಗೇಡು, ಅಂಗೈ ಅಂಗಾಲಿನ ಉರಿ, ನೀಲಿಗಟ್ಟಿದ ತುಟಿ ಇದರ ಲಕ್ಷಣಗಳು. ಬರಬರುತ್ತ ಹೃದಯದ ಬಲಭಾಗ ಸೋಲುತ್ತದೆ. ಪೆರು ದೇಶದ ವೈದ್ಯ ಕಾರ್ಲೋಸ್ ಮೊಂಗೆ 1925ರಲ್ಲಿ ಇದನ್ನು ವರ್ಣಿಸಿದ್ದರಿಂದ ಮೊಂಗೆ ಕಾಯಿಲೆ ಎಂಬ ಹೆಸರೂ ಇದಕ್ಕಿದೆ. ಎತ್ತರದಲ್ಲಿ ವಾಸಿಸುವ ಗಂಡಸರಲ್ಲಿ ಹಿಮೊಗ್ಲೋಬಿನ್ 21, ಹೆಂಗಸರಲ್ಲಿ 19 ಗ್ರಾಂ ಮುಟ್ಟಿದರೆ ಅದು ವಿಪರೀತವೆಂದು ತಜ್ಞರ ಲೆಕ್ಕ. ಎಂದರೆ ನಮ್ಮ ಸೈನಿಕನ 19ಕ್ಕೆ ಗಾಬರಿಯಾಗಬೇಕಿಲ್ಲ. ಊರಲ್ಲಿ ಕೆಲವು ವಾರ ಇದ್ದರೆ ತಾನಾಗಿ ಇಳಿಯುತ್ತದೆ. ಆದರೆ ಎಲ್ಲಿಂದ ಬಂದವನೆಂದು ವೈದ್ಯರಿಗೆ ಹೇಳುವುದನ್ನು ಮರೆಯಬೇಡಿ.

ಎಲ್ಲರಿಗೂ ಈ ರೋಗ ಸಮನಾಗಿ ಬರುವುದಿಲ್ಲ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಸಾವಿರಾರು ವರ್ಷ ಎತ್ತರದಲ್ಲಿ ಬಾಳಿದ ಈ ಜನಾಂಗದ ವಂಶವಾಹಿಯಲ್ಲೇ ರಕ್ತ ಅತಿಯಾಗಿ ಹೆಚ್ಚದಂತೆ ತಡೆಯುವ ಗುಣವಿರುವುದು 2010ರ ಸಂಶೋಧನೆಗಳಿಂದ ತಿಳಿಯಿತು. ಕೆಳಗಿನಿಂದ ಹೋಗಿ ಅಲ್ಲಿ ನೆಲೆಸಿದವರಿಗೆ ಆ ರಕ್ಷಣೆ ಇಲ್ಲ.

ಚಿಕಿತ್ಸೆ ಏನು? ಕೆಳಗಿಳಿಯುವುದು. ಇದಕ್ಕೆ ಸಮನಾದ ಮದ್ದು ಇನ್ನೂ ಬಂದಿಲ್ಲ. ಸಿಯಾಚಿನ್ ಎಂದರೆ ನಮ್ಮ ಭಾಗದವರಿಗೆ 2016ರ ಫೆಬ್ರುವರಿಯಲ್ಲಿ ಹಿಮಕುಸಿತಕ್ಕೆ ಸಿಕ್ಕಿ, ಆರು ದಿನದ ಮೇಲೆ ಜೀವಸಹಿತ ದೊರೆತು, ಬಳಿಕ ತೀರಿಕೊಂಡ ಬೆಟದೂರಿನ ಹನುಮಂತಪ್ಪ ಕೊಪ್ಪದ ನೆನಪಾಗುತ್ತಾರೆ. ಹಿಮ ಕಣ್ಣಿಗೆ ಕಾಣುವ ಶತ್ರು; ತೆಳುಗಾಳಿ ಕಾಣದ್ದು. 5,800 ಮೀಟರಿಗಿಂತ ಮೇಲೆ ವಾರಗಟ್ಟಲೆ ಇದ್ದ 21 ಭಾರತೀಯ ಸೈನಿಕರಿಗೆ ಮೈ ಬಾತು, ಹೊಟ್ಟೆಯಲ್ಲಿ ನೀರು ತುಂಬಿದ ಸಂಗತಿ 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಮೊಂಗೆ ಕಾಯಿಲೆಯಲ್ಲ, ಅದರ ದಾಯಾದಿ. ಕೆಳಗೆ ತಂದ ಮೇಲೆ ಅವರು ಚೇತರಿಸಿಕೊಂಡರು.

ಆದರೆ ‘ಕೆಳಗಿಳಿ’ ಎಂದು ಹೇಳುವುದು ಸುಲಭ. ಪೆರುವಿನಲ್ಲಿ ಸುಮಾರು 5,100 ಮೀಟರ್ ಎತ್ತರದ ಲಾ ರಿಂಕೊನಾಡಾ ಊರಿನವರು ಚಿನ್ನದ ಗಣಿ ನಂಬಿ ಬದುಕಿದ್ದಾರೆ. ಇಳಿದರೆ ಅನ್ನವಿಲ್ಲ. ಅಂಥವರಿಗೆ ಆಸ್ಪತ್ರೆಯಲ್ಲಿ ಅಷ್ಟಷ್ಟು ರಕ್ತ ತೆಗೆಯುವುದುಂಟು. ತಲೆ ಹಗುರಾಗುತ್ತದೆ, ನಿಜ. ಆದರೆ ಮಜ್ಜೆ ಮತ್ತೆ ರಕ್ತ ತುಂಬುತ್ತದೆ, ಪದೇ ಪದೇ ತೆಗೆದರೆ ಕಬ್ಬಿಣಾಂಶ ಬರಿದಾಗುತ್ತದೆ. ಅಸಿಟಜೋಲಮೈಡ್ ಎಂಬ ಮಾತ್ರೆ ಉಸಿರಾಟವನ್ನು ಚುರುಕುಗೊಳಿಸಿ ರಕ್ತದ ಮಂದತೆ ತಗ್ಗಿಸುತ್ತದೆಂದು ಪೆರುವಿನಲ್ಲೇ ನಡೆದ ಪ್ರಯೋಗ 2005ರಲ್ಲಿ ತೋರಿಸಿತು. ಇದನ್ನು ವೈದ್ಯರು ಹೇಳದೆ ನುಂಗಬಾರದು.

ರಜೆ ಮುಗಿಸಿ ಹೊರಟ ಮಗನಿಗೆ ಶೇಂಗಾ ಹೋಳಿಗೆಯ ಜೊತೆ ಒಂದು ಮಾತನ್ನೂ ಕಟ್ಟಿಕೊಡಿ: ಹಳಬನೆಂಬ ಧೈರ್ಯದಲ್ಲಿ ಮೊದಲ ದಿನಗಳಲ್ಲೇ ಭಾರ ಹೊತ್ತು ಓಡಾಡಬಾರದು. ಊರಿಗೆ ಬಂದು ಮರಳುವವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವಿದೆ. ಕುಳಿತಲ್ಲೇ ಉಸಿರು ಸಾಲದಾದರೆ ತಕ್ಷಣ ಆಮ್ಲಜನಕ ಬೇಕು, ಕೆಳಗಿಳಿಯಬೇಕು.

ಮಗನ ಮಾತಾಯಿತು; ಇನ್ನು ಮನೆಯ ಅಜ್ಜಿ. ಬೆಟ್ಟ ಹತ್ತದೆಯೂ ರಕ್ತ ಮಂದವಾಗಬಹುದು. ನಲವತ್ತು ವರ್ಷ ಹತ್ತಿಕಟ್ಟಿಗೆಯ ಒಲೆ ಊದಿದವರ, ಬೀಡಿ ಸೇದಿದವರ ಶ್ವಾಸಕೋಶ ಕೆಟ್ಟರೆ ಲೇಹ್‌ನ ಗಾಳಿ ರೋಣದ ಅಡುಗೆಮನೆಯಲ್ಲೇ ಸಿಕ್ಕಂತೆ. ಮೂತ್ರಪಿಂಡಕ್ಕೆ ಊರು ಗೊತ್ತಿಲ್ಲ. ಆಮ್ಲಜನಕ ಕಡಿಮೆಯೆಂದರೆ ಅದೇ ಹಾರ್ಮೋನು ಹೊರಡುತ್ತದೆ. ಇಂಥವರ ಆಯಾಸ ಕಂಡು ‘ನಿಶ್ಶಕ್ತಿ’ ಎಂದು ಕಬ್ಬಿಣಾಂಶದ ಟಾನಿಕ್ ತಂದು ಕುಡಿಸುವ ಮನೆಗಳಿವೆ. ಮೊದಲು ಹಿಮೊಗ್ಲೋಬಿನ್ ನೋಡಿಸಿ. ಕಡಿಮೆಯಿದ್ದರೆ ವೈದ್ಯರು ಹೇಳಿದಂತೆ ಟಾನಿಕ್ ಕೊಡಿ, ಹೆಚ್ಚಿದ್ದರೆ ಬೇಡವೇ ಬೇಡ.

ಕೊರೊನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಮಾಪಕ ಮನೆಯಲ್ಲಿದ್ದರೆ ಹೊರತೆಗೆಯಿರಿ. ಸುಮ್ಮನೆ ಕುಳಿತಾಗಲೂ ಅದು ಮತ್ತೆ ಮತ್ತೆ 90ಕ್ಕಿಂತ ಕೆಳಗೆ ತೋರಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಕೆಲವರಿಗೆ ಮನೆಯಲ್ಲೇ ದಿನಕ್ಕೆ 15 ಗಂಟೆಯಾದರೂ ಆಮ್ಲಜನಕ ಕೊಡಬೇಕಾಗುತ್ತದೆ. ಹಾಗೆ ಕೊಡುವಾಗ ಅದೇ ಕೋಣೆಯಲ್ಲಿ ಒಲೆ, ದೀಪ, ಬೀಡಿ ಯಾವುದೂ ಇರಕೂಡದು. ಆಮ್ಲಜನಕವಿದ್ದಲ್ಲಿ ಸಣ್ಣ ಕಿಡಿಯೂ ಭಗ್ಗನೆ ಹೊತ್ತಿಕೊಳ್ಳುತ್ತದೆ.